ನಡುವೆ ಒಂದು ಗ್ಯಾಸ್ಕೆಟ್

ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕಾಗದದ ಮಿಲ್ಲಿನ ನಿವೃತ್ತ ಫಿಟರ್ ಒಬ್ಬರಿದ್ದರು. ಅವರ ಅಚ್ಚುಕಟ್ಟುತನ ಕಂಡರೆ ನನಗೆ ಹೊಟ್ಟೆಯುರಿ. ಕಟ್ಟೆಯ ಮೇಲೆ ಕೂರುವ ಮೊದಲು ಟವೆಲ್ ಹಾಸುವರು, ಚಹಾದ ಕಪ್ಪಿನಡಿ ಪೇಪರ್ ಇಡುವರು. ಕೇಳಿದರೆ, "ಎರಡರ ನಡುವ ಒಂದು ಗ್ಯಾಸ್ಕೆಟ್ ಇರಬೇಕ್ರಿ," ಎನ್ನುವರು. ಎರಡು ಪೈಪು ಸೋರದಂತೆ ನಡುವೆ ಇಡುವ ರಬ್ಬರ್ ಬಿಲ್ಲೆ ಅದು.

ಒಂದು ಸಂಜೆ ಔಷಧದಂಗಡಿಯಲ್ಲಿ ಅವರು ನನ್ನ ಮುಂದೆಯೇ ನಿಂತಿದ್ದರು. ಸುತ್ತ ನಾಲ್ಕೈದು ಹೆಂಗಸರು.

"ಒಂದು ಪಾಕೀಟ ನಿರೋಧ್ ಕೊಡ್ರಿ," ಎಂದರು, ಬಿಸ್ಕತ್ತು ಕೇಳುವ ಧಾಟಿಯಲ್ಲಿ.

"ಅರವತ್ತೈದು ದಾಟೇತಲ್ರಿ, ಇನ್ಯಾಕ ಅದು?" ಎಂದು ನಾನು ನಕ್ಕೆ.

"ಹಡಿಯೂ ವಯಸ್ಸು ಮುಗದೈತಿ ಖರೆ. ನಮ್ಮ ಮನಿಯಾಕಿಗೆ ಸೋಂಕು ಆಗೇತ್ರಿ. ಆರಾಮ ಆಗೂತನಕ ಬೇಕಂತ ಡಾಕ್ಟರ್ ಹೇಳ್ಯಾರ. ಗ್ಯಾಸ್ಕೆಟ್!"

ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ಅವರಿಗೆ ದಾರಿ ಬಿಟ್ಟುಕೊಟ್ಟರು. ನನಗೆ ಮೈಯೆಲ್ಲ ಉರಿಯಿತು.

ಮನೆಗೆ ಬಂದು ಹೆಂಡತಿಗೆ ಇದನ್ನು ತಮಾಷೆಯಾಗಿ ಹೇಳಿದೆ. ಅವಳು ಬಿಡಿಸುತ್ತಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟಳು.

"ಹ್ವಾದ ವರ್ಷ ನನ್ನ ಚೀಟಿಯೊಳಗೂ ಡಾಕ್ಟರ್ ಅದನ್ನ ಬರದಿದ್ರು. ನೀವು ಬರೇ ಗುಳಿಗಿ ತಂದ್ರಿ."

"ಅಂಗಡ್ಯಾಗ ಇರಲಿಲ್ಲ ಅಂತ ಹೇಳಿದ್ನಲ್ಲ."

"ಹೂಂ. ಹೇಳಿದ್ರಿ," ಎಂದಳು. ಆಮೇಲೆ ಪಕ್ಕದ ಮನೆಯ ಗೋಡೆಯತ್ತ ನೋಡಿದಳು. "ಆಕಿ ಭಾಳ ಪುಣ್ಯಾ ಮಾಡ್ಯಾಳ ಬಿಡ್ರಿ."

ಹೋದ ವರ್ಷದಿಂದ ಅವಳು ಹಾಸಿಗೆಯಲ್ಲಿ ನಮ್ಮಿಬ್ಬರ ನಡುವೆ ಉದ್ದಕ್ಕೆ ಒಂದು ದಿಂಬು ಇಡುತ್ತಿದ್ದಳು. ಮೊಣಕಾಲು ನೋವಿಗೆ ಎಂದುಕೊಂಡಿದ್ದೆ.