ತೂತಿಲ್ಲದ ಪೈಪು

ಮೊನ್ನೆ ಸಂಜೆ ಶಿವಮೊಗ್ಗದಲ್ಲಿ ಹೊಸದಾಗಿ ತೆರೆದ ರೆಡಿಮೇಡ್ ಬಟ್ಟೆ ಅಂಗಡಿಯೊಂದರ ಮುಂದೆ ನಿಂತುಬಿಟ್ಟೆ. ಗಾಜಿನೊಳಗೆ ಕೋಟು ತೊಟ್ಟ ಗೊಂಬೆಯೊಂದಿತ್ತು. ಒಂದು ಕೈ ಜೇಬಿನಲ್ಲಿ. ಇನ್ನೊಂದು ಕೈ ಎದೆಯ ಮಟ್ಟಕ್ಕೆ ಎದ್ದು, ಏನನ್ನೋ ಹಿಡಿದಂತೆ ಬೆರಳು ಬಾಗಿಸಿಕೊಂಡಿತ್ತು. ಹಿಡಿದದ್ದು ಮಾತ್ರ ಏನೂ ಇಲ್ಲ. ಅಲ್ಲಿ ಹೊಗೆ ಸೇದುವ ಪೈಪು ಇರಬೇಕಿತ್ತು ಎಂದು ಇಡೀ ಬೀದಿಯಲ್ಲಿ ನನಗೊಬ್ಬನಿಗೇ ಗೊತ್ತೆನ್ನಿಸಿತು. ನಾನಾದರೋ ಜೀವಮಾನದಲ್ಲಿ ಒಂದು ಬೀಡಿ ಸೇದಿದವನಲ್ಲ. ಬಸ್ಸಿನಲ್ಲಿ ಪಕ್ಕದವರ ಅಂಗಿಯಿಂದ ಹೊಗೆಯ ವಾಸನೆ ಬಂದರೂ ಸೀಟು ಬದಲಿಸುವವನು. ಇಂಥವನಿಗೆ ಪೈಪು ನೆನೆದು ಕಣ್ಣು ತುಂಬುವುದೆಂದರೇನು, ನೀವೇ ಹೇಳಿ.

ಇದಕ್ಕೆಲ್ಲ ಕಾರಣ ನನ್ನ ಸೋದರಮಾವ ಶಾಂತಪ್ಪ. ಭದ್ರಾವತಿಯಲ್ಲಿ ಅವನದೊಂದು ಟೈಲರ್ ಅಂಗಡಿಯಿತ್ತು. ಕಾರ್ಖಾನೆಯ ಅಧಿಕಾರಿಯೊಬ್ಬರು ಕ್ವಾರ್ಟರ್ಸ್ ಖಾಲಿ ಮಾಡುವಾಗ ಬಿಟ್ಟುಹೋದ ಹಳೆಯ ಇಂಗ್ಲಿಷ್ ಪತ್ರಿಕೆಗಳಿಂದ ಪೈಪಿನ ಜಾಹೀರಾತುಗಳನ್ನಷ್ಟೇ ಕತ್ತರಿಸಿ, ರಟ್ಟಿಗೆ ಅಂಟಿಸಿ, ಗೋಡೆಗೆ ತೂಗುಹಾಕಿದ್ದ. ಒಂದರಲ್ಲಿ ಪೈಪು ಹಿಡಿದು ನಾಯಿಯ ತಲೆ ಸವರುವವನು, ಇನ್ನೊಂದರಲ್ಲಿ ಬೆಂಕಿಗೂಡಿನ ಪಕ್ಕ ನಿಂತು ಸುಮ್ಮನೆ ನಗುವವನು. ಮಾವನಿಗೆ ಇಂಗ್ಲಿಷ್ ಓದಲು ಬಾರದು. ಹೊಗೆಯೆಂದರೆ ಕೆಮ್ಮು.

“ಮತ್ಯಾಕೆ ಮಾವ ಇವೆಲ್ಲ?” ಎಂದರೆ, “ಆ ಕಾಲರ್ ನೋಡೋ! ಹೆಂಗೆ ಮಲಗಿದೆ ನೋಡು ಎದೆ ಮೇಲೆ. ಆ ಮನುಷ್ಯಂಗೆ ಎಲ್ಲಿಗೂ ಅರ್ಜೆಂಟಿಲ್ಲ, ಅದಕ್ಕೇ ಕೋಟು ಹಂಗೆ ಕೂತಿದೆ” ಎನ್ನುತ್ತಿದ್ದ. ಕಾರ್ಖಾನೆಯ ಸೈರನ್ ಕೂಗಿದರೆ ಸೈಕಲ್ಲುಗಳೆಲ್ಲ ಒಂದೇ ದಿಕ್ಕಿಗೆ ಓಡುವ ಊರಲ್ಲಿ ಕುಳಿತು ಅವನು ಅರ್ಜೆಂಟಿಲ್ಲದ ಮನುಷ್ಯನನ್ನು ಹೊಲಿಯಲು ನೋಡುತ್ತಿದ್ದ. ಗಿರಾಕಿಗಳು ಕೊಡುತ್ತಿದ್ದದ್ದು ಯೂನಿಫಾರಂ ಬಟ್ಟೆ.

ತೊಂಬತ್ತರ ದಶಕದ ನಡುವೆ ನನಗೆ ಶಂಕರಘಟ್ಟದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು, ಹೆಣ್ಣು ಹುಡುಕತೊಡಗಿದರು. ಫೋಟೋಕ್ಕೆಂದು ಮಾವ ಬೆಂಕಿಗೂಡಿನವನ ಕೋಟನ್ನೇ ನನಗೆ ಹೊಲಿದ. ಸ್ಟುಡಿಯೋದಲ್ಲಿ ನನ್ನ ಕೈ ಎಲ್ಲಿಟ್ಟರೂ ಅವನಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಜೇಬಿನಿಂದ, ಪಕ್ಕದಂಗಡಿಯ ಬಡಗಿಯಿಂದ ಮಾಡಿಸಿ ತಂದಿದ್ದ ಬೀಟೆ ಮರದ ಪೈಪು ತೆಗೆದು ನನ್ನ ಬಾಯಿಗಿಟ್ಟ. ನಿಜ ಹೇಳುತ್ತೇನೆ, ನಾನು ಬೇಡ ಎನ್ನಲಿಲ್ಲ. ಕನ್ನಡಿಯಲ್ಲಿ ಕಂಡ ಆ ಗಂಭೀರ ಮನುಷ್ಯ ನಾನೇ ಎಂದು ನಂಬಿಬಿಟ್ಟಿದ್ದೆ.

ಫೋಟೋ ಶಿವಮೊಗ್ಗದ ವಿದ್ಯಾನಗರದ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋಯಿತು. ವಾರದೊಳಗೆ ವಾಪಸ್ಸು ಬಂತು. ನಡುವೆ ಓಡಾಡಿದ್ದ ಚಿಕ್ಕಮ್ಮ ಬಾಗಿಲಲ್ಲೇ ಶುರುಮಾಡಿದಳು: “ಸೇದೋ ಹುಡುಗಂಗೆ ಕೊಡಲ್ಲ ಅಂದ್ರು ಕಣೋ. ಏನ್ ಮಾರಾಯ, ಹೆಣ್ಣಿನ ಮನೆಗೆ ಕಳ್ಸೋ ಫೋಟೋದಲ್ಲಿ ಬಾಯಿಗೆ ಕೊಳ್ಳಿ ಇಟ್ಕೋತಾರಾ?”

ಅಮ್ಮ ತಮ್ಮನ ಜೊತೆ ಮಾತು ಬಿಟ್ಟಳು. ಮಾವ ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ರಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ನನ್ನನ್ನೂ ಎಳೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದ.

ಮೇಷ್ಟ್ರು ಕುಳಿತುಕೊಳ್ಳಿ ಎಂದರು, ಅಷ್ಟೇ. ಮಾವ ಪೀಠಿಕೆಯಿಲ್ಲದೆ ಪೈಪನ್ನು ಅವರ ಕೈಗಿಟ್ಟ. “ಊದಿ ನೋಡಿ ಸಾರ್. ತೂತೇ ಇಲ್ಲ. ಹೊಗೆ ಇರಲಿ, ಗಾಳಿನೂ ಹೋಗಲ್ಲ.”

ಮೇಷ್ಟ್ರು ಅವನನ್ನೊಮ್ಮೆ, ಪೈಪನ್ನೊಮ್ಮೆ ನೋಡಿದರು. ಆಮೇಲೆ ಪಂಚೆಯಲ್ಲಿ ಒರೆಸಿ ಬಾಯಿಗಿಟ್ಟು, ಕೆನ್ನೆಯುಬ್ಬಿಸಿ ಊದಿಯೇಬಿಟ್ಟರು. ಮುಖ ಕೆಂಪಾಯಿತೇ ಹೊರತು ಏನೂ ಹೊರಬರಲಿಲ್ಲ. ಅವರಿಗೆ ತಡೆಯಲಾರದ ನಗು ಬಂತು. “ಸೇದೋಕಲ್ಲ ಅಂದ್ರೆ ಇದ್ಯಾಕ್ರೀ?” ಎಂದರು, ಕಣ್ಣೊರೆಸಿಕೊಳ್ಳುತ್ತ.

“ಕೈ ಖಾಲಿ ಬಿಟ್ರೆ ತೋಳು ಸರಿ ಬೀಳಲ್ಲ ಸಾರ್” ಎಂದು ಮಾವ ರಟ್ಟುಗಳನ್ನು ಹರವಿ ಕಾಲರಿನ ಪಾಠ ಶುರುಮಾಡಿದ. ಬೆಂಕಿಗೂಡಿನವನ ಚಿತ್ರ ಬಂದಾಗ ಮೇಷ್ಟ್ರ ನಗು ನಿಂತಿತು. ರಟ್ಟನ್ನು ಬೆಳಕಿಗೆ ಹಿಡಿದರು.

“ನಮ್ಮಣ್ಣ ಹಿಂಗೇ ನಿಲ್ತಿದ್ದ. ಇಂಥ ಚಿತ್ರ ನೋಡಿಯೇ ಕಲಿತಿದ್ದು. ನಲವತ್ತಾರಕ್ಕೆ ಹೋದ, ಗಂಟಲು ಕ್ಯಾನ್ಸರ್” ಎಂದರು.

ಮಾವ ಗಾಬರಿಯಾಗಿ ರಟ್ಟುಗಳನ್ನು ಬಾಚಿಕೊಳ್ಳತೊಡಗಿದ. ಮೇಷ್ಟ್ರು ತಮ್ಮ ಕೈಯಲ್ಲಿದ್ದುದನ್ನು ಬಿಡಲಿಲ್ಲ. “ಇದೊಂದು ನಂಗೆ ಕೊಡ್ತೀರಾ?” ಎಂದು ಮೆಲ್ಲಗೆ ಕೇಳಿದರು. ಅಣ್ಣನನ್ನು ಕೊಂದ ಚಿತ್ರವನ್ನು ಯಾರಾದರೂ ಬೇಡಿ ಇಟ್ಟುಕೊಳ್ಳುತ್ತಾರೆಯೇ? ಅಂದು ನನಗೆ ಅರ್ಥವಾಗಲಿಲ್ಲ. ಇಂದು ಆಗಿದೆ ಎಂದರೆ ಸುಳ್ಳಾಗುತ್ತದೆ.

ಮದುವೆಯಾಯಿತು. ಆ ಫೋಟೋದ ಗತ್ತಿಗೇ ಮೇಷ್ಟ್ರ ಮಗಳು ಗಿರಿಜಾ ಒಪ್ಪಿದ್ದು ಎಂದು ಇಷ್ಟೂ ವರ್ಷ ಒಳಗೊಳಗೇ ಬೀಗಿದ್ದೆ. ಮೊನ್ನೆ ಆ ಗೊಂಬೆಯ ಮುಂದೆ ನಿಂತು, ಪಕ್ಕದಲ್ಲಿದ್ದ ಅವಳಿಗೆ ಅದನ್ನು ಹೇಳಿಯೂಬಿಟ್ಟೆ.

“ಯಾವ ಫೋಟೋ? ಅಪ್ಪ ನಂಗೆ ತೋರಿಸ್ಲೇ ಇಲ್ಲ” ಎಂದಳು ಗಿರಿಜಾ. “ನಾನು ಬಾಗಿಲ ಸಂದಿಯಿಂದ ನೋಡ್ತಿದ್ದೆ. ದೊಡ್ಡಪ್ಪ ಹೋದ್ಮೇಲೆ ಅಪ್ಪ ನಕ್ಕಿದ್ದು ಅವತ್ತೇ ಮೊದಲು. ನಿಮ್ಮ ಮಾವನ ಕಡೆಯೋರು ಅಂದ್ರೆ ಸಾಕು ಅನ್ನಿಸ್ತು. ನೀವು ಮೂಲೇಲಿ ಕೂತಿದ್ರಂತೆ, ಆಮೇಲೆ ಗೊತ್ತಾಯ್ತು.”

ನಗಬೇಕೋ ಅಳಬೇಕೋ ತಿಳಿಯದೆ ಭಾನುವಾರ ಭದ್ರಾವತಿಗೆ ಹೋದೆ. ಮಾವ ಈಗ ಹಳೆಯ ಪ್ಯಾಂಟುಗಳ ಸೊಂಟ ಬಿಡಿಸಿಕೊಡುತ್ತ ಕುಳಿತಿರುತ್ತಾನೆ. ಕೋಟು ಯಾರೂ ಹೊಲಿಸುವುದಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಮಷಿನ್ನಿನ ಮೇಲಿನ ಕಾಲು ನಿಲ್ಲಿಸಿ ಕೇಳಿಸಿಕೊಂಡ. ಆಮೇಲೆ, “ಹೌದಾ? ನಾನು ಹೊಲಿದ ಕೋಟಿನ ಬಗ್ಗೆ ಏನಾದ್ರೂ ಅಂದ್ಲಾ?” ಎಂದ.

“ಚೆನ್ನಾಗಿತ್ತು ಅಂದ್ಲು ಮಾವ” ಎಂದೆ.

ಅವನು ತಲೆಯಾಡಿಸಿ ಸೂಜಿಗೆ ದಾರ ಪೋಣಿಸತೊಡಗಿದ. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ನಾನು ಪೋಣಿಸಿಕೊಟ್ಟೆ.