ಕೆಂಪತ್ತೆಯ ಕೈಗೆ ಬಂದ ಗಿಣಿ

ಪಂಜರದ ತಂತಿಗೆ ರೆಕ್ಕೆ ಬಡಿಯುವ ಸದ್ದು ಕೇಳಿದರೆ ಪಾಂಡವಪುರದ ಹತ್ತಿರದ ನಮ್ಮ ತಾತನ ಮನೆಯ ಹಜಾರ ಕಣ್ಣ ಮುಂದೆ ಬರುತ್ತದೆ. ಮೊನ್ನೆ ಮೊಮ್ಮಗಳು ತಾನು ಸಾಕಿದ ಹಕ್ಕಿಗಳ ಪಂಜರಕ್ಕೆ ಕೈ ಹಾಕಿದಳು, ಅವು ದಿಕ್ಕೆಟ್ಟು ಬಡಿದಾಡಿದವು. ಆ ಸದ್ದಿನ ಹಿಂದೆಯೇ ಹಸಿ ಭತ್ತದ ವಾಸನೆ, ಸಗಣಿ ಸಾರಿಸಿದ ನೆಲದ ತಂಪು, ಕೆಂಪತ್ತೆ. ಆ ಮನೆ ಈಗಿಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು. ಹಜಾರವಿದ್ದ ಜಾಗದಲ್ಲಿ ಬಸ್ಸು, ಲಾರಿ ಓಡುತ್ತವೆ.

ಕೆಂಪತ್ತೆ ನಮ್ಮಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ರಾಗಿ ಬೀಸುವುದಕ್ಕೆ, ಹಾಲು ಕರೆಯುವುದಕ್ಕೆ, ಸೊಪ್ಪು ಸೋಸುವುದಕ್ಕೆ ಅವಳ ಕೈ ಬೇಕು. ಮದುವೆಮನೆಯ ಅಕ್ಕಿಗೆ, ಮಗುವಿನ ತೊಟ್ಟಿಲಿಗೆ ಆ ಬಳೆಯಿಲ್ಲದ ಕೈ ಬೇಡ. ಅದನ್ನು ಯಾರೂ ಅನ್ಯಾಯ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ.

ಒಂದು ಸಲ ಭತ್ತದ ತೆನೆ ಹಾಲುಗಟ್ಟುವ ಕಾಲಕ್ಕೆ, ಹಕ್ಕಿ ಬಾರದಿರಲೆಂದು ಗದ್ದೆಗೆ ಕಟ್ಟಿದ್ದ ಹಳೇ ಮೀನುಬಲೆಗೆ ಸಿಕ್ಕಿ ರೆಕ್ಕೆ ನೋಯಿಸಿಕೊಂಡ ಗಿಣಿಯೊಂದನ್ನು ತಾತ ಟವೆಲಿನಲ್ಲಿ ಸುತ್ತಿ ತಂದ. ಬಲೆಯಿಂದ ಬಿಡಿಸುವಾಗ ಹಿಡಿದ ಹಿಡಿತಕ್ಕೋ ಏನೋ, ಅದಕ್ಕೆ ಕೈ ಕಂಡರೆ ಜೀವಭಯ. ಬಿದಿರಿನ ಮಂಕರಿ ಕವುಚಿ ಒಳಗಿಟ್ಟೆವು. ನಾನು ಕಾಳು ಹಿಡಿದು ಕೈ ತೂರಿಸಿದಷ್ಟೂ ಮೂಲೆಗೆ ಬಿದ್ದು ಬಡಿದುಕೊಳ್ಳುತ್ತಿತ್ತು, ಒಂದು ಕಾಳೂ ಮುಟ್ಟಲಿಲ್ಲ. "ತಿಂದ್ರೆ ಉಳ್ಕತದೆ, ಇಲ್ದಿದ್ರೆ ಸತ್ತೋಯ್ತದೆ. ನೀನ್ಯಾಕಮ್ಮಿ ಅಳ್ತೀಯೆ?" ಅಂದ ತಾತ. ನನ್ನ ಗಾಜಿನ ಬಳೆಗಳ ಸದ್ದಿಗೆ ಹೆದರುತ್ತದೆ ಅಂದುಕೊಂಡು ಎಲ್ಲ ಬಿಚ್ಚಿಟ್ಟು ಕೂತೆ. ಅಜ್ಜಿ ನೋಡಿಬಿಟ್ಟಳು. "ಯಾರು ಸತ್ತವ್ರೆ ಅಂತ ಬೋಳ್ಗೈ ಮಾಡ್ಕಂಡು ಕುಂತಿದ್ದೀಯೆ? ಆಕ್ಕೊಳಮ್ಮಿ ಬಳೆಯ."

ರಾಗಿ ಕೇರುತ್ತಿದ್ದ ಕೆಂಪತ್ತೆಯ ಮೊರ ನಿಂತಿತು.

"ಆಕ್ಕೊ ಕಣಮ್ಮಿ," ಅಂದಳು, ತಲೆಯೆತ್ತದೆ. "ಆ ಗಿಣಿನ ಇತ್ಲಾಗ್ ತತ್ತಾ. ನನ್ ಕೈ ಎಂಗೂ ಬೋಳಾಗೇ ಐತೆ."

ಮಂಕರಿಯ ಒಂದು ಅಂಚಿಗೆ ಕಲ್ಲು ಕೊಟ್ಟು ಎತ್ತರಿಸಿ, ಪಕ್ಕದಲ್ಲಿ ಕೂತು, ಬಲ ಅಂಗೈಯಲ್ಲಿ ಎಳೇ ತೆನೆಯಿಟ್ಟು ಆ ಕೈಯನ್ನು ನೆಲದ ಮೇಲೆ ಅಂಗಾತ ಬಿಟ್ಟಳು. ಗಿಣಿಯ ಕಡೆ ನೋಡಲೂ ಇಲ್ಲ. ಎಡಗೈಯಲ್ಲಿ ರಾಗಿಯ ಕಲ್ಲು ಆರಿಸುತ್ತಿದ್ದಳು. "ಮ್ಯಾಲಿಂದ ಕೈ ಬುಟ್ರೆ ಹದ್ದು ಬಂತು ಅಂತ್ಲೇ ಅದ್ಕೆ. ನೀನಾಗಿ ಇಡಿಯಕ್ಕೋಗ್ಬ್ಯಾಡ. ಬೇಕಾದ್ರೆ ಅದೇ ಬತ್ತದೆ." ಅವತ್ತು ಬರಲಿಲ್ಲ. ಮಾರನೆಯ ದಿನ ಕತ್ತು ಚಾಚಿ ಒಂದು ಕಾಳು ಕಿತ್ತುಕೊಂಡು ಹಿಂದಕ್ಕೆ ಓಡಿತು. ಆಮೇಲಾಮೇಲೆ ಅಲ್ಲೇ ನಿಂತು ತಿನ್ನತೊಡಗಿತು. ಒಂದು ಬೆಳಗ್ಗೆ ಅಂಗೈ ಹತ್ತಿ, ಮಣಿಕಟ್ಟಿಗೆ ನಡೆದು, ಬಳೆ ಇರಬೇಕಾದ ಜಾಗದಲ್ಲಿ ಕೂತುಕೊಂಡಿತು. ಕೈ ಜೋಮು ಹಿಡಿದರೂ ಕೆಂಪತ್ತೆ ಅಲ್ಲಾಡಲಿಲ್ಲ. "ಅಂತೂ ನಿನ್ ಕೈಲಿ ಇಸ್ಕಳಕೆ ಒಂದು ಜೀವ ಸಿಕ್ತು ಬುಡು," ಅಂದಳು ಅಜ್ಜಿ. ಬೈದದ್ದೋ ಹರಸಿದ್ದೋ, ಅವಳ ಮಾತು ಯಾವಾಗಲೂ ಹಾಗೇ.

"ಮೆತ್ತುಗ್ ಮಾತಾಡವ್ವ," ಅಂದಳು ಕೆಂಪತ್ತೆ, "ಎದ್ರುಕತದೆ."

ರೆಕ್ಕೆ ವಾಸಿಯಾಗಿ ಗಿಣಿ ಹಾರಿಹೋಯಿತು. ಮನೆಯಲ್ಲಿ ಏನೂ ಬದಲಾಗಲಿಲ್ಲ. ಮುಂದಿನ ಮದುವೆಯಲ್ಲೂ ಕೆಂಪತ್ತೆ ಹಿತ್ತಲಲ್ಲೇ ಇದ್ದಳು. ಆದರೆ ಬಿಡುವಾಗಿ ಕೂತಾಗೆಲ್ಲ ಅವಳ ಬಲಗೈ ತೊಡೆಯ ಮೇಲೆ ಅಂಗಾತ ಇರುತ್ತಿತ್ತು. ಸಾಯುವ ತನಕ ಹಾಗೇ ಇತ್ತು. ಮೊನ್ನೆ ಮೊಮ್ಮಗಳನ್ನೂ ಪಂಜರದ ಬಾಗಿಲು ತೆಗೆಸಿ, ಅಂಗೈಯಲ್ಲಿ ಕಾಳಿಟ್ಟು ಹಾಗೆ ಕೂರಿಸಿದೆ. "ಎಷ್ಟೊತ್ತು ಇಂಗೇ ಕುಂತಿರ್ಬೇಕಜ್ಜಿ?" ಅಂದಳು. ಅದನ್ನು ಕೆಂಪತ್ತೆ ನನಗೆ ಹೇಳಿರಲಿಲ್ಲ. ಯಜಮಾನರು ಹೋದ ಮೇಲೆ ನನ್ನ ಕೈಯಲ್ಲೂ ಬಳೆ ಇಲ್ಲ. ಮೊಮ್ಮಗಳ ಪಕ್ಕದಲ್ಲಿ ಕೂತು, ನಾಲ್ಕು ಕಾಳು ಹಾಕಿಸಿಕೊಂಡು, ಆ ಕೈಯನ್ನು ಅಂಗಾತ ಇಟ್ಟೆ.