ಮನೆ ಮಗಳ ಅರ್ಜಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ನಮ್ಮವ್ವ ಇದನ್ನು ನಾನು ಚಿಕ್ಕವಳಿದ್ದಾಗಲೇ ಹೇಳಿದ್ದಳು. ನಾನು ಒಪ್ಪಿಕೊಂಡಿದ್ದು ನಲವತ್ತು ದಾಟಿದ ಮೇಲೆ, ಚಿತ್ರದುರ್ಗದ ಕೋರ್ಟಿನಲ್ಲಿ ನಿಂತಾಗ.

ಭೀಮಸಮುದ್ರದ ಒಂದು ಶೆಡ್ಡಿನಲ್ಲಿ ಅಡಿಕೆ ಸುಲಿಯುವ ಮಿಷನ್ನಿಗೆ ಕಾಯಿ ಹಾಕುವುದು ನನ್ನ ಕೆಲಸವಾಗಿತ್ತು. ಸಾಹುಕಾರರ ಹೆಂಡತಿ ನನ್ನನ್ನು 'ನಮ್ಮನೆ ಮಗಳು' ಎನ್ನುತ್ತಿದ್ದರು. ಗೌರಿ ಹಬ್ಬಕ್ಕೆ ಉಳಿದ ಹೆಂಗಸರಿಗೆ ಬಾಗಿಲಲ್ಲೇ ರವಿಕೆ ಬಟ್ಟೆ. ನನಗೆ ಒಳಗೆ ಕೂರಿಸಿ, ಉಡಿ ತುಂಬಿ, ಸೀರೆ. ಉಳಿದವರ ಮುಖ ಸಣ್ಣಗಾಗುವುದನ್ನು ನೋಡಿದರೆ ಸೀರೆಗಿಂತ ಹೆಚ್ಚು ಖುಷಿ ನನಗೆ. ಮಿಷನ್ನಿನ ಬಳಿ ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಹೊಸದುರ್ಗದ ಕಡೆಯವಳೊಬ್ಬಳು ಮಾತ್ರ ರವಿಕೆ ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡು ಸುಮ್ಮನೆ ಹೋಗುತ್ತಿದ್ದಳು. ಅದನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ಒಂದು ದಿನ ಮಿಷನ್ನು ನನ್ನ ಎಡಗೈಯ ಎರಡು ಬೆರಳು ತಿಂದಿತು. ಸಾಹುಕಾರರ ಹೆಂಡತಿ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ದಾರಿಯಲ್ಲಿ ನನ್ನ ತಲೆ ಸವರುತ್ತಾ ಹೇಳಿದರು: "ಮಿಷನ್ ಅಂದ್ರೆ ಪೊಲೀಸು ಗಿಲೀಸು ಅಂತ ನಮ್ಮನೆ ಹೆಸರು ಕೆಡ್ತತೆ ಕಣವ್ವ. ಮನೇಲಿ ಸೌದೆ ಸೀಳುವಾಗ ಆತು ಅನ್ನು. ಪರಿಹಾರದ ಅರ್ಜಿ ನಾವೇ ಹಾಕಿಸ್ತೀವಿ."

ಮಗಳಾದವಳು ತವರಿನ ಮಾನ ಕಳೆಯುತ್ತಾಳೆಯೇ? ಡಾಕ್ಟರು ಕೇಳಿದಾಗ ಸೌದೆ ಎಂದೆ. ಅವರು ಹಾಗೆಯೇ ಬರೆದುಕೊಂಡರು.

ಎರಡು ತಿಂಗಳಿಗೆ ಅದೇ ಮಿಷನ್ನು ಹೊಸದುರ್ಗದವಳ ಬೆರಳ ತುದಿ ತೆಗೆಯಿತು. ಅವಳಿಗೆ ಕಾರು ಬರಲಿಲ್ಲ. ಯಾರದೋ ಬೈಕಿನ ಹಿಂದೆ ಕೂತು ಹೋದಳು. ನೋಡಿ ಒಳಗೊಳಗೇ ಬೀಗಿದೆ. ಅವಳು ಡಾಕ್ಟರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು, ಮುಂದೆ ವಕೀಲರನ್ನು ಹಿಡಿದು ಕೇಸೂ ಹಾಕಿದಳು. ಕೇಸಿಗೆ ನಂಬರ್ ಬಿತ್ತೆಂದು ಗೊತ್ತಾದ ದಿನ ನಾನು ಉಣ್ಣದೆ ಮಲಗಿದೆ. ನನ್ನದು ಎರಡು ಬೆರಳು, ಅವಳದ್ದು ಬರೀ ತುದಿ. ನಂಬರ್ ಮಾತ್ರ ಅವಳಿಗೆ. ನನ್ನ ಅರ್ಜಿಯ ಬಗ್ಗೆ ಕೇಳಿದಾಗಲೆಲ್ಲ ಸಾಹುಕಾರರ ಮನೆಯಲ್ಲಿ, "ಹಾಕೀವಿ ಕಣವ್ವ, ಟೈಮ್ ಹಿಡಿತತೆ" ಎನ್ನುತ್ತಿದ್ದರು.

ಕೊನೆಗೆ ನಾನೇ ನೋಡಿ ಬರೋಣವೆಂದು ಹೊರಟೆ. ಕೋರ್ಟಿನಲ್ಲಿ ಎಲ್ಲಿ, ಯಾರನ್ನು ಕೇಳಬೇಕೆಂದು ಗೊತ್ತಿದ್ದವಳು ಹೊಸದುರ್ಗದವಳೊಬ್ಬಳೇ. ಹಲ್ಲು ಕಚ್ಚಿ ಕೇಳಿದೆ. "ಅದಕ್ಕೇನಕ್ಕ, ಹೋಗಾಣ" ಎಂದು ಒಂದು ದಿನದ ಕೂಲಿ ಬಿಟ್ಟು ಬಂದಳು. ಬಸ್ಸಿನಲ್ಲಿ ನಾನು ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಗುಮಾಸ್ತರು ಕಂಪ್ಯೂಟರಿನಲ್ಲಿ ನನ್ನ ಹೆಸರು ಹುಡುಕಿದರು. ಶೆಡ್ಡಿನ ಹೆಸರು ಹಾಕಿ ಮತ್ತೆ ಹುಡುಕಿದರು. "ಈ ಶೆಡ್ಡಿನ ಮ್ಯಾಲೆ ಒಂದೇ ಕೇಸೈತಮ್ಮ. ನಿಮ್ದಲ್ಲ. ನಿಮ್ದು ಹಾಕೇ ಇಲ್ಲ."

ನಾನು ಆಸ್ಪತ್ರೆಯ ಚೀಟಿ ಮುಂದಿಟ್ಟೆ. ಅವರು ಓದಿ ತಲೆಯಾಡಿಸಿದರು. "ಮನೇಲಿ ಆಗಿದ್ದು ಅಂತ ನೀವೇ ಬರೆಸೀರಿ. ಈಗ ಹಾಕಿದ್ರೂ ಶೆಡ್ಡಿನಾಗೆ ಆತು ಅಂತ ಕಂಡೋರು ಯಾರಾರ ಸಾಕ್ಷಿ ಹೇಳಬೇಕಾಗ್ತತೆ."

ಅವತ್ತು ಕಂಡವಳು ಯಾರೆಂದು ನನಗೆ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬಂದದ್ದೇ ಬೇರೆ.

"ಸರ್, ಆ ಇನ್ನೊಂದು ಕೇಸು ಬಿದ್ದು ಹೋಗೋ ಹಂಗೇನಾರ ಐತಾ?"

ಗುಮಾಸ್ತರು ಮುಖವೆತ್ತಿ ನನ್ನನ್ನು ನೋಡಲಿಲ್ಲ. ನನ್ನ ಬೆನ್ನ ಹಿಂದೆ ನೋಡಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆಂದು ನಾನು ಅಂದುಕೊಂಡಿದ್ದ ಹೊಸದುರ್ಗದವಳು ನನ್ನ ಚೀಲ ಹಿಡಿದು ಅಲ್ಲೇ ನಿಂತಿದ್ದಳು. ನಾಚಿಕೆಯಾಗಿ ಚೀಟಿಯನ್ನು ಮಡಚತೊಡಗಿದೆ.

ಅವಳು ನನ್ನ ಕಡೆ ತಿರುಗಲಿಲ್ಲ. "ಸಾಕ್ಷಿ ನಾ ಹೇಳ್ತೀನ್ರಿ. ಅಕ್ಕನ ಪಕ್ಕದಾಗೇ ಇದ್ದೆ. ಮಿಷನ್ ಬಂದ್ ಮಾಡಿದ್ದೇ ನಾನು."

ಆಗ ಅವಳ ಕೈ ಹಿಡಿದುಕೊಳ್ಳಬೇಕಿತ್ತು. ನನಗೆ ಆದದ್ದು ಅದಲ್ಲ. ಇಷ್ಟು ಕೇಳಿಸಿಕೊಂಡ ಮೇಲೂ ಹಾಗೆ ಹೇಳುವುದು ಇವಳಿಗೆ ಬರುತ್ತದಲ್ಲ, ನನಗೆ ಬರುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.